ಹಸಿರು ವೈನಿನಲ್ಲಿ ಮೀನು, ತೋಟದ ಮೀನಿನಲ್ಲಿ ಬೀನ್ಸು

ಅಮೆರಿಕಕ್ಕೆ ಹೊರಟಾಗ ನನ್ನ ಬಳಿ ಎರಡು ಸೂಟ್‌ಕೇಸು, ಒಂದು ಕೈಚೀಲ ಮತ್ತು ಯಾವ ತಕ್ಕಡಿಗೂ ನಿಲುಕದಷ್ಟು ಚಿಂತೆಗಳಿದ್ದವು. ವಿಮಾನದ ರೆಕ್ಕೆ ಹಾಗೆ ಅಲುಗಾಡಬಹುದೇ ಎಂಬ ಚಿಂತೆ, ಪಾಸ್‌ಪೋರ್ಟಿನ ಫೋಟೋದಲ್ಲಿರುವ ಮೀಸೆ ಈಗ ಮುಖದ ಮೇಲಿಲ್ಲವಲ್ಲ ಎಂಬ ಚಿಂತೆ, ಮೈಸೂರಿನ ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಹಳೆಯ, ಪರಿಚಿತ ಚಿಂತೆ. ವಿಮಾ ಕಚೇರಿಯಲ್ಲಿ ಇಷ್ಟು ವರ್ಷ ಕೂತವನಿಗೆ ಜಗತ್ತಿನಲ್ಲಿ ಯಾವುದೂ ಭದ್ರವಾಗಿ ಕಾಣುವುದಿಲ್ಲ. ದಾರಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ಕಂಡರೆ ನನಗೆ ಕಾಣುವುದು ಸಿಪ್ಪೆಯಲ್ಲ, ಕ್ಲೇಮು.

ಇಷ್ಟು ಚಿಂತೆಗಳ ನಡುವೆ ವೈನಿನದು ಮಾತ್ರ ಇರಲಿಲ್ಲ. ಕೊನೆಗೆ ಆ ಪ್ರವಾಸವಿಡೀ ಅದರ ಸುತ್ತಲೇ ತಿರುಗಿತು.

ಎಲಿಕಾಟ್ ಸಿಟಿ

ನನ್ನ ಅಕ್ಕ ಶಾರದೆ, ಭಾವ ಇಬ್ಬರೂ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿ ನೆಲೆಸಿ ಬಹಳ ಕಾಲವಾಯಿತು. ಊರಿನ ಹೆಸರಿನಲ್ಲಷ್ಟೇ ಸಿಟಿ. ಅವರ ಬೀದಿಯಲ್ಲಿ ನಡೆಯುವವರು ನಾಯಿ ಸಾಕಿದವರು ಮಾತ್ರ. ನಾನು ಬೆಳಿಗ್ಗೆ ಒಬ್ಬನೇ ನಡೆಯಲು ಹೊರಟರೆ ಎದುರಿಗೆ ಬಂದವರು ಮೊದಲು ನನ್ನ ಕೈ ನೋಡಿ, ಆಮೇಲೆ ಕಾಲಿನ ಬಳಿ ನಾಯಿಗಾಗಿ ಹುಡುಕಿ, ಏನೂ ಸಿಗದೆ ಸ್ವಲ್ಪ ಕನಿಕರದಿಂದಲೇ 'ಗುಡ್ ಮಾರ್ನಿಂಗ್' ಅನ್ನುತ್ತಿದ್ದರು.

ಭಾವ ಧಾರವಾಡದವರು. ಕಿವಿ, ಮೂಗು, ಗಂಟಲಿನ ಡಾಕ್ಟರು, ಈಗ ನಿವೃತ್ತರು. ಕೋವಿಡ್ಡಿನ ಮೊದಲ ಚಳಿಗಾಲದಲ್ಲಿ ಅವರಿಗೂ ಜ್ವರ ಬಂತು, ಹೋಯಿತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಊರವರ ಮೂಗನ್ನೆಲ್ಲ ರಿಪೇರಿ ಮಾಡಿದವರಿಗೆ ಸ್ವಂತ ಮೂಗು ಕೈಕೊಟ್ಟಿತು. ದಿನಾ ಬೆಳಿಗ್ಗೆ ಊಟದ ಮೇಜಿನ ಮೇಲೆ ನಾಲ್ಕು ಪುಟ್ಟ ಶೀಷೆ ಇಟ್ಟುಕೊಂಡು ಕೂರುತ್ತಿದ್ದರು: ನಿಂಬೆ, ಲವಂಗ, ಗುಲಾಬಿ, ನೀಲಗಿರಿ. ಒಂದೊಂದನ್ನೇ ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಧ್ಯಾನ. ಮೂಗಿಗೆ ಮತ್ತೆ ಪಾಠ ಕಲಿಸುವ ಕ್ರಮವಂತೆ ಅದು.

"ಏನಾದ್ರೂ ಬಂತಾ ಭಾವ?" ಎಂದೆ.

"ಲವಂಗ ಬಾಗಿಲತನಕ ಬಂದು ಹೊಳ್ಳಿ ಹೋತು," ಎಂದರು.

ಅಂದು ಅಕ್ಕ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಧಾರವಾಡದವರ ಮುಂದೆ ಮೈಸೂರಿನವಳು ಎಣ್ಣೆಗಾಯಿ ಬಡಿಸುವುದೆಂದರೆ ಒಂದು ಕಾಲಕ್ಕೆ ಯುದ್ಧವೇ ಆಗಿತ್ತು. ಶೇಂಗಾ ಸಾಕಷ್ಟು ಹುರಿದಿಲ್ಲ, ಗುರೆಳ್ಳು ಎಲ್ಲಿ, ಇದೇನು ಬೆಲ್ಲದ ಪಾಕವೋ ಎಂದು ಭಾವ ಒಂದೊಂದು ತುತ್ತಿಗೂ ಕೊಂಕು ತೆಗೆದು ಹೆಸರಿಡುವುದು, ಅಕ್ಕ "ಹಾಗಾದ್ರೆ ನಿಮ್ಮಮ್ಮನ್ನೇ ಕರೆಸ್ಕೊಳ್ಳಿ" ಅನ್ನುವುದು. ನಾನು ಚಿಕ್ಕವನಿದ್ದಾಗಿನಿಂದ ಈ ಜಗಳಗಳನ್ನು ನೋಡಿ ಅವರಿಬ್ಬರೂ ಇನ್ನೇನು ಬೇರೆಯಾಗುತ್ತಾರೆ ಎಂದು ಚಿಂತಿಸುತ್ತ ಬೆಳೆದವನು. ಈಗ ಭಾವ ತಲೆ ತಗ್ಗಿಸಿ ಉಂಡರು. "ಛಲೋ ಆಗೇದ," ಎಂದರು. ತಟ್ಟೆ ತೊಳೆದಿಟ್ಟು ಎದ್ದು ಹೋದರು.

ಅಕ್ಕ ಸಿಂಕಿನ ಕಡೆ ತಿರುಗಿ ನಿಂತಳು. "ನೋಡ್ದ್ಯಾ ನಾಗು? ಎಲ್ಲದಕ್ಕೂ 'ಛಲೋ ಆಗೇದ'. ಮೊನ್ನೆ ಬೇಕೂಂತಲೇ ಉಪ್ಪೇ ಹಾಕದೆ ಸಾರು ಮಾಡ್ದೆ. ಅದಕ್ಕೂ 'ಛಲೋ ಆಗೇದ'. ಮಾತ್ರೆ ನುಂಗಿದ ಹಾಗೆ ಊಟ ಮಾಡ್ತಾರೆ ಕಣೋ. ಇವರು ನನ್ನ ಅಡಿಗೆಗೆ ಒಂದು ಹೆಸರಿಟ್ಟು ಯಾವ ಕಾಲ ಆಯ್ತೋ."

ಹೊಗಳುವ ಗಂಡ ಬೇಕೆಂದು ಕಣ್ಣೀರಿಡುವ ಹೆಂಗಸರನ್ನು ನೋಡಿದ್ದೆ. ಬೈಯುವ ಗಂಡ ಬೇಕೆಂದು ಅತ್ತವಳನ್ನು ಮೊದಲ ಸಲ ನೋಡಿದೆ.

ವಾಷಿಂಗ್ಟನ್

ಮರುದಿನ ಭಾವ ನನ್ನನ್ನು ವಾಷಿಂಗ್ಟನ್ ತೋರಿಸಲು ಕರೆದೊಯ್ದರು. ಮೆಟ್ರೋ ಸ್ಟೇಷನ್ನಿನ ಎಸ್ಕಲೇಟರು ಪಾತಾಳಕ್ಕೆ ಇಳಿಯುವಂತಿತ್ತು. ಎರಡೂ ಕಡೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿದು ನಡುವೆ ನಿಂತೆ. ಹಿಂದಿನಿಂದ "ಎಕ್ಸ್‌ಕ್ಯೂಸ್ ಮಿ" ಬಂತು. ಸ್ವಲ್ಪ ಹೊತ್ತಿಗೆ ಅದೇ ಮಾತು ಇನ್ನಷ್ಟು ವಿನಯದಿಂದ ಬಂತು. ಇಲ್ಲಿ ಕೋಪ ಹೆಚ್ಚಾದಷ್ಟೂ ವಿನಯ ಹೆಚ್ಚುತ್ತದೆ. ನಿಲ್ಲುವವರು ಬಲಕ್ಕೆ, ನಡೆಯುವವರು ಎಡಕ್ಕೆ ಎಂಬುದು ನನಗೆ ತಿಳಿಯುವಷ್ಟರಲ್ಲಿ ನನ್ನ ಹಿಂದೆ ಅರ್ಧ ಸರ್ಕಾರಿ ಕಚೇರಿಯೇ ಸಾಲುಗಟ್ಟಿತ್ತು.

ಮ್ಯೂಸಿಯಮ್ಮುಗಳ ನಡುವಿನ ಹುಲ್ಲುಹಾಸಿನ ಪಕ್ಕ ಬೆಂಚಿನಲ್ಲಿ ಕೂತು ಸ್ಯಾಂಡ್‌ವಿಚ್ ತಿಂದೆವು. ಭಾವ ಕಾಗದ ಪೂರ್ತಿ ಬಿಚ್ಚದೆ ಕಚ್ಚಿದರು. ಒಂದು ತುಂಡು ಕಾಗದವೂ ಒಳಗೆ ಹೋಯಿತು.

"ಭಾವ, ಕಾಗದ!"

"ಹೌದೇನು?" ಎಂದು ತೆಗೆದು ನೋಡಿದರು. "ರುಚಿ ಒಂದೇ ಅದ ಬಿಡು."

ನಕ್ಕೆವು. ನಗು ಮುಗಿದ ಮೇಲೆ ಅವರು ಪಾರಿವಾಳಗಳನ್ನು ನೋಡುತ್ತ ಹೇಳಿದರು: "ನಾಗೇಶ, ನಾಲಿಗಿಗೆ ಉಪ್ಪು ತಿಳೀತದ, ಹುಳಿ ತಿಳೀತದ, ಖಾರ ಚುರ್ ಅಂತದ. ಆದ್ರ ಬದನಿಕಾಯಿ ಯಾವುದು, ಬಟಾಟಿ ಯಾವುದು, ಅದು ತಿಳಿಯಂಗಿಲ್ಲ. ಅದಕ್ಕ ಲಕ್ಷ್ಯ ಕೊಡೂದ ಬಿಟ್ಟೀನಿ. ಅನಘಾನ ಮನಿ ಗೃಹಪ್ರವೇಶದಾಗ ನಾ ಊಟಕ್ಕ ಕೂಡಂಗಿಲ್ಲ. ಎಲ್ಲಾರೂ 'ಹೆಂಗದ ಅಂಕಲ್, ಹೆಂಗದ ಅಂಕಲ್' ಅಂತಾರ. ಎಷ್ಟಂತ ಸುಳ್ಳು ಹೇಳ್ಲಿ? ಪೂಜಾ ಮುಗದ ಕೂಡಲೇ ಕಾರಿನ್ಯಾಗ ಹೋಗಿ ಕೂಡ್ತೀನಿ. ಶಾರದಾಗ ಹೇಳಬ್ಯಾಡ."

ಅನಘಾ ಅವರ ಒಬ್ಬಳೇ ಮಗಳು. ಜಾರ್ಜಿಯಾದ ಡುಲುತ್‌ನಲ್ಲಿ ಮನೆ ಕೊಂಡಿದ್ದಳು. ಅದರ ಗೃಹಪ್ರವೇಶಕ್ಕೆಂದೇ ನಾನು ಬಂದದ್ದು. ಮಗಳ ಮನೆಯ ಮೊದಲ ಊಟಕ್ಕೆ ಅಪ್ಪ ಕಾರಿನಲ್ಲಿ! ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಹೊಟ್ಟೆ ಸರಿ ಇರಬೇಕು, ನನ್ನದು ಇಲ್ಲ. ಸಂಜೆಯೇ ಅಕ್ಕನಿಗೆ ಹೇಳಿಬಿಟ್ಟೆ.

"ಗೊತ್ತು," ಎಂದಳು ಅಕ್ಕ. "ಹೋದ ವರ್ಷ ದೀಪಾವಳಿ ಪಾರ್ಟೀಲೂ ಹಾಗೇ ಮಾಡಿದ್ರು. ಕಾರಲ್ಲಿ ಹೀಟರ್ ಆನ್ ಮಾಡ್ಕೊಂಡು ಕೂತಿದ್ರು. ಈ ಸಲ ಕಾರಿನ ಕೀ ನಿನ್ನ ಹತ್ರಾನೇ ಇರಲಿ."

ವರ್ಜೀನಿಯಾ, ಹೆದ್ದಾರಿಯ ಪಕ್ಕ

ಕಾರಿನಲ್ಲೇ ಹೊರಟೆವು. ಅಕ್ಕ "ನಾನೇ ಡ್ರೈವ್ ಮಾಡ್ತೀನಿ, ನೀವಿಬ್ರೂ ಮಾತಾಡಿ" ಎಂದಳು. ನಾನು ಮುಂದಿನ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತ ಹೋದೆ. ದಾರಿಯಲ್ಲಿ ಒಂದು ರಾತ್ರಿ ನಾರ್ತ್ ಕ್ಯಾರೊಲೈನಾದ ಷಾರ್ಲೆಟ್‌ನಲ್ಲಿ ಬೀಗಿತ್ತಿಯ ಮನೆಯಲ್ಲಿ ತಂಗುವುದೆಂದು ನಿಶ್ಚಯವಾಗಿತ್ತು. ಅನಘಾಳ ಗಂಡ ಮಿಗೆಲ್. ಅವನ ತಾಯಿ ತೆರೇಜಾ ಪೋರ್ಚುಗಲ್ಲಿನ ಉತ್ತರದವರು, ಮದುವೆಯಾಗಿ ಇಲ್ಲಿಗೆ ಬಂದವರು.

ಬೀಗರ ಮನೆಗೆ ಬರಿಗೈಯಲ್ಲಿ ಹೋಗಲಾಗುತ್ತದೆಯೇ? ಅಕ್ಕ ಅನಘಾಳಿಗೆ ಫೋನ್ ಮಾಡಿದಳು. ಕಾರಿನ ಸ್ಪೀಕರಿನಲ್ಲಿ ಉತ್ತರ ಬಂತು: "ಅತ್ತೆಗೆ ವಿನ್ಯೊ ವೆರ್ಡೆ ತಗೊಂಡು ಹೋಗು ಅಮ್ಮಾ. ಇಟ್ ಮೀನ್ಸ್ ಗ್ರೀನ್ ವೈನ್. ಮಾಮಾ ಕೂಡ ಕುಡಿಬಹುದು, ವೆರಿ ಲೈಟ್."

ಗ್ರೀನ್! ನನ್ನ ಜೀವ ತಂಪಾಯಿತು. ಬಿಸ್ಕತ್ತಿನಿಂದ ಹಿಡಿದು ಹಲ್ಲುಪುಡಿಯವರೆಗೆ ಪೊಟ್ಟಣದ ಮೂಲೆಯಲ್ಲಿ ಹಸಿರು ಚುಕ್ಕೆ ಹುಡುಕಿ ಕೊಳ್ಳುವ ದೇಶದಿಂದ ಬಂದವನು ನಾನು. ಗ್ರೀನ್ ಎಂದರೆ ಸಸ್ಯಾಹಾರಿ. ಅಮೆರಿಕದಲ್ಲೂ ವೈನನ್ನು ಹೀಗೆ ವಿಂಗಡಿಸಿದ್ದಾರಲ್ಲ, ಎಂಥ ಜನ ಎಂದುಕೊಂಡೆ.

ವರ್ಜೀನಿಯಾದಲ್ಲಿ ಹೆದ್ದಾರಿಯಿಂದ ಇಳಿದು ಒಂದು ದೊಡ್ಡ ಅಂಗಡಿಗೆ ಹೋದೆವು. ಅಕ್ಕ ಕಾರಿನಲ್ಲೇ ಉಳಿದಳು. ಬಾಟಲಿಗಳ ಗೋಡೆಯ ಮುಂದೆ ಭಾವ ಕೈಕಟ್ಟಿ ನಿಂತರು. ನಾನು ಕನ್ನಡಕ ಏರಿಸಿ ಹಸಿರು ಚುಕ್ಕೆ ಹುಡುಕತೊಡಗಿದೆ. ಚುಕ್ಕೆ ಎಲ್ಲೂ ಇಲ್ಲ. ಬಾಟಲಿಯ ಗಾಜೇ ಹಸಿರು. ಅದು ಸಾಕೇ? ಒಳಗಿನ ವೈನು ನೋಡಿದರೆ ಎಳನೀರಿನ ಬಣ್ಣ. ಕೆಲಸದ ಹುಡುಗಿಯೊಬ್ಬಳು ಬಂದಳು. "ಇದು ವೆಜಿಟೇರಿಯನ್ ತಾನೆ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ನಾನು ತಮ್ಮ ಪರಿಚಯದವನೇ ಅಲ್ಲ ಎಂಬಂತೆ ಭಾವ ಎರಡು ಹೆಜ್ಜೆ ಆಚೆ ಸರಿದರು.

ಆಕೆ ನಗಲಿಲ್ಲ. "ಒಳ್ಳೆ ಪ್ರಶ್ನೆ, ಚೆಕ್ ಮಾಡುತ್ತೇನೆ," ಎಂದು ಫೋನ್ ತೆಗೆದಳು. ಆಮೇಲೆ ಆಕೆ ವಿವರಿಸಿದ್ದು ಕೇಳಿ ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ಕಪಾಟಿಗೆ ವಾಪಸಿಟ್ಟೆ. ಕೆಲವರು ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ ಹಾಕುತ್ತಾರಂತೆ, ಕೆಲವರು ಹಾಲಿನದೇನೋ, ಕೆಲವರು ಮೀನಿನ ಹೊಟ್ಟೆಯೊಳಗಿನ ಚೀಲದಿಂದ ತೆಗೆದ ಅಂಟು! ಕೊನೆಗೆ ಸೋಸಿ ತೆಗೆಯುತ್ತಾರಂತೆ, ಆದರೂ ಮೀನು ಮೀನೇ. ಅಣಕದಂತೆ ಕೇಳಿಸುವ ಪ್ರಶ್ನೆಗೆ ಇಷ್ಟು ಗಂಭೀರ ಉತ್ತರ ಸಿಕ್ಕಿತ್ತು. ನಾನು ಕೇಳಿದ್ದಂತೂ ಅಣಕವಾಗಿರಲಿಲ್ಲ.

"ಭಾವ, ಹಸಿರು ವೈನಲ್ಲಿ ಮೀನು!"

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಊಟದ ವಿಷಯಕ್ಕೆ ಅವರು ಹಾಗೆ ನಕ್ಕದ್ದನ್ನು ನಾನು ಬಂದ ಮೇಲೆ ನೋಡಿರಲಿಲ್ಲ. ಹುಡುಗಿ ಹುಡುಕಿ ಹುಡುಕಿ ಮೀನು, ಮೊಟ್ಟೆ ಯಾವುದೂ ಸೋಕದ ಒಂದು ಬಾಟಲಿ ಕೈಗಿಟ್ಟಳು. ಅದನ್ನು ಡುಲುತ್ ಮುಟ್ಟುವವರೆಗೂ ನನ್ನ ಮಡಿಲಲ್ಲೇ ಇಟ್ಟುಕೊಳ್ಳುವಷ್ಟು ನಂಬಿಕೆ ಬಂತು. ಅಕ್ಕ "ಬೀಗಿತ್ತಿಗೆ ಕೊಡೋಕೆ ತಂದಿರೋದು ಕಣೋ" ಎಂದು ನೆನಪಿಸಬೇಕಾಯಿತು.

ಷಾರ್ಲೆಟ್

ತೆರೇಜಾ ಬಾಗಿಲಲ್ಲೇ ನಮ್ಮೆಲ್ಲರ ಎರಡೂ ಕೆನ್ನೆಗೆ ಮುತ್ತಿಟ್ಟರು. ನಮ್ಮಲ್ಲಿ ಬೀಗರು ಕೈಮುಗಿದು ಮಾರು ದೂರ ನಿಂತು 'ಪ್ರಯಾಣ ಸುಖವಾಯ್ತಾ' ಅನ್ನುತ್ತಾರೆ. ನಾನು ಒಂದು ಕೆನ್ನೆ ಕೊಟ್ಟು, ಮುಗಿಯಿತೆಂದು ಮುಖ ತಿರುಗಿಸಿ, ಎರಡನೆಯದಕ್ಕೆ ಮೂಗು ಕೊಟ್ಟೆ. ಅವರ ಇಂಗ್ಲಿಷು ನನಗೆ ಅಮೆರಿಕದವರದ್ದಕ್ಕಿಂತ ಚೆನ್ನಾಗಿ ತಿಳಿಯಿತು, ನನ್ನದು ಅವರಿಗೂ. ಇಬ್ಬರೂ ಬೇರೆ ಬೇರೆ ದೇಶಗಳಲ್ಲಿ ಒಂದೇ ಬಗೆಯಲ್ಲಿ ತಪ್ಪು ಕಲಿತಿದ್ದೆವು.

ಹಿತ್ತಿಲಿನ ಮೇಜಿನ ಮೇಲೆ ತಟ್ಟೆ ಬಂತು. ಬಿಸಿ ಬಿಸಿಯಾಗಿ ಕರಿದ, ಬೆರಳುದ್ದದ ಏನೋ ತಿಂಡಿ. "ಇದು ನಿಮಗಾಗಿ," ಎಂದರು ತೆರೇಜಾ. "ಹೆಸರು, ತೋಟದ ಪುಟ್ಟ ಮೀನುಗಳು."

ನಾನು ಕುರ್ಚಿಯನ್ನು ಹಿಂದಕ್ಕೆ ಎಳೆದೆ. ಅಕ್ಕ ಗಾಬರಿಯಿಂದ ನನ್ನ ಮುಖ ನೋಡಿದಳು. ತೆರೇಜಾ ಒಂದನ್ನು ಮುರಿದು ತೋರಿಸಿದರು. ಒಳಗೆ ಬೀನ್ಸ್! ಹಿಟ್ಟಿನಲ್ಲಿ ಅದ್ದಿ ಕರಿದ, ಇಡೀ ಇಡೀ ಬೀನ್ಸ್. ಕರಿದಾಗ ಮೀನಿನ ಮರಿಯಂತೆ ಕಾಣುತ್ತದೆಂದು ಆ ಹೆಸರಂತೆ. ಅನಘಾ ಹೇಳಿದ್ದಳೆಂದು ಹಿಟ್ಟಿಗೆ ಮೊಟ್ಟೆಯನ್ನೂ ಹಾಕಿರಲಿಲ್ಲ. ಹಸಿರು ಎಂದು ಹೆಸರಿದ್ದಲ್ಲಿ ಮೀನು, ಮೀನು ಎಂದು ಹೆಸರಿದ್ದಲ್ಲಿ ಬೀನ್ಸು. ಪೋರ್ಚುಗೀಸರನ್ನು ನಂಬುವುದು ಹೇಗೆ?

"ಇದು ನಮ್ಮ ಭಜಿ ಅಲ್ಲೇನು?" ಎಂದರು ಭಾವ.

ತೆರೇಜಾ ನಾವು ಕೊಟ್ಟ ಬಾಟಲಿಯನ್ನು ಪಕ್ಕಕ್ಕಿಟ್ಟು, ಫ್ರಿಜ್ಜಿನಲ್ಲಿ ತಣ್ಣಗಿದ್ದ ಇನ್ನೊಂದನ್ನು ತೆರೆದರು. ಅದರಲ್ಲಿ ಮೀನಿದೆಯೋ ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಹಾಗಾಗಿ ನಾನು ತುಟಿಗೆ ಸೋಕಿಸಿದ್ದೆಷ್ಟೋ ಅಷ್ಟೇ: ನಿಂಬೆಹಣ್ಣು, ಎಳೆ ದ್ರಾಕ್ಷಿ, ನಡುವೆ ಒಂದೆರಡು ಗುಳ್ಳೆ.

"ಇದು ಬಿಳಿ ಇದೆಯಲ್ಲ, ಹಸಿರು ಯಾಕೆ?" ಎಂದೆ.

"ಬಣ್ಣ ಅಲ್ಲ," ಎಂದರು ತೆರೇಜಾ. "ಹಣ್ಣಾಗಿಲ್ಲ ಅಂತ. ಇನ್ನೂ ಮಗು. ಇಟ್ಟು ಮಾಗಿಸುವ ವೈನಲ್ಲ ಇದು, ಆ ವರ್ಷದ್ದನ್ನು ಆ ವರ್ಷವೇ ಕುಡಿದು ಮುಗಿಸಬೇಕು."

"ಎಳಸು!" ಎಂದಳು ಅಕ್ಕ. ನನಗೂ ಹೊಳೆಯಿತು. ನಾವೂ ಹಸಿಮೆಣಸಿನಕಾಯಿ ಎನ್ನುತ್ತೇವೆ. ಅದು ಹಸಿರೂ ಹೌದು, ಹಸಿಯೂ ಹೌದು. ಎರಡು ಮಾತನ್ನು ನಾವು ಒಂದು ಕಾಯಿಯಲ್ಲಿ ಸೇರಿಸಿದ್ದನ್ನು ಇವರು ಒಂದು ಬಾಟಲಿಯಲ್ಲಿ ಸೇರಿಸಿದ್ದರು. ಹಸಿ ವೈನು. ಮೈಸೂರಿನಿಂದ ಇಷ್ಟು ದೂರ ಚುಕ್ಕೆ ಹುಡುಕಿಕೊಂಡು ಬಂದದ್ದು ವ್ಯರ್ಥವಾಯಿತು.

ಭಾವ ಮಾತ್ರ ತಟ್ಟೆಯ ಮೇಲೇ ಬಗ್ಗಿದ್ದರು. ಒಂದು ಬೀನ್ಸ್ ಕಚ್ಚಿದರು, ಒಂದು ಗುಟುಕು ಕುಡಿದರು. ಮತ್ತೆ ಕಚ್ಚಿದರು, ಕುಡಿದರು. ನಾಲಿಗೆಯನ್ನು ಬಾಯೊಳಗೆ ಅತ್ತಿತ್ತ ತಿರುಗಿಸಿದರು.

"ಏನಾಯ್ತ್ರೀ? ಮುಳ್ಳು ಸಿಕ್ತಾ?" ಎಂದಳು ಅಕ್ಕ.

"ಕಚಗುಳಿ ಇಟ್ಟಂಗಾತು," ಎಂದರು ಭಾವ ನಿಧಾನವಾಗಿ. "ಹುಳಿ, ಉಪ್ಪು, ಕುರುಂ ಕುರುಂ, ಆಮ್ಯಾಲೆ ತಣ್ಣನ ಗುಳ್ಳಿ. ಇದಕ್ಕ ಮೂಗು ಬೇಕಾಗಿಲ್ಲ ನೋಡು. ಎಲ್ಲಾ ನಾಲಿಗಿ ಮ್ಯಾಲೇ ನಡದದ." ಒಳಗಿನ ಡಾಕ್ಟರು ಎದ್ದು ಕೂತಿದ್ದರು. ಹಳೆ ವೈನಿನ ಸೊಗಸೆಲ್ಲ ವಾಸನೆಯಲ್ಲಿ, ಅದು ತಮ್ಮಂಥವರಿಗೆ ದಂಡ. ಇದು ಎಳೆಯದು, ಇದರಲ್ಲಿ ಇರುವುದೇ ಹುಳಿ ಮತ್ತು ಚುರುಕು ಎಂದು ನಮಗೆ ಅಲ್ಲೇ ಪಾಠ ಮಾಡಿದರು.

ಆಮೇಲೆ ಮೇಜಿಗೆ ಬೇಯಿಸಿದ ಆಲೂಗಡ್ಡೆ ಬಂತು. ಭಾವ ಎಂದಿನ ಅಭ್ಯಾಸದಿಂದ "ಆ ಬಟಾಟಿ ಈ ಕಡೆ ಕೊಡು" ಎಂದರು, ನನಗೆ. ತೆರೇಜಾ ಚಮಚ ಕೆಳಗಿಟ್ಟರು.

"ಬತಾತಾ? ನೀವು ಬತಾತಾ ಅಂದಿರಾ?"

ಅವರ ಭಾಷೆಯಲ್ಲೂ ಅದು ಬತಾತಾ. ಆಮೇಲೆ ಇಬ್ಬರಿಗೂ ಹುಚ್ಚು ಹಿಡಿಯಿತು. ಮೇಜಿನ ಮೇಲೆ ಅಕ್ಕ ಇಟ್ಟಿದ್ದ ಕಾರಿನ ಕೀ ತೋರಿಸಿ ಭಾವ "ಚಾವಿ" ಎಂದರೆ ತೆರೇಜಾ "ಶಾವ್!" ಎಂದು ಕೂಗಿದರು. ಬಕೀಟಿಗೆ "ಬಾಲ್ದಿ" ಎಂದರೆ "ಬಾಲ್ದ್!" ಮೇಜು ತಟ್ಟಿದರೆ "ಮೇಜಾ!" ಗೋವೆಗೆ ಬಂದ ಅವರ ಹಿರಿಯರು ನಮ್ಮವರ ಬಾಯಲ್ಲಿ ಬಿಟ್ಟು ಹೋದ ಮಾತುಗಳು. ಆಲೂಗಡ್ಡೆ, ಬೀಗದಕೈ, ಬಕೀಟು ಎನ್ನುವ ಮೈಸೂರಿನ ನಾವಿಬ್ಬರೂ ಮೇಜೊಂದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಹೊರಗಿನವರಾಗಿ ಕೂತಿದ್ದೆವು. ಧಾರವಾಡಕ್ಕೂ ಪೋರ್ಚುಗಲ್ಲಿಗೂ ಬೀಗತನ ಆ ಸಂಜೆ ನಿಜವಾಗಿ ಕೂಡಿತು.

ಆದರೂ ಅಕ್ಕನ ಮುಖ ಪೂರ್ತಿ ಅರಳಲಿಲ್ಲ. ಮಲಗುವ ಮುಂಚೆ ಮೆಲ್ಲಗೆ ಹೇಳಿದಳು: "ಬೀಗಿತ್ತಿ ಮಾಡಿದ್ದು ಹಿಡಿಸ್ತು ಕಣೋ. ನಾನು ಮಾಡಿದ್ದು?"

ಡುಲುತ್

ಪೂಜೆಯ ಹಿಂದಿನ ದಿನ ಅಕ್ಕ ಅಡುಗೆಯ ಪಟ್ಟಿಯನ್ನೆಲ್ಲ ತಿರುಗುಮುರುಗು ಮಾಡಿದಳು. ಹಬೆಯಾಡುವ, ಘಮಘಮಿಸುವ ಬಿಸಿಬೇಳೆಬಾತು ನೆಂಟರಿಗೆ. ಗಂಡನಿಗೆ ಬೇರೆ ಲೆಕ್ಕ: ಹುಳಿ, ಉಪ್ಪು, ಖಾರ, ಗರಿಗರಿ. ಮಂಡಕ್ಕಿಗೆ ಹುಣಸೆಹಣ್ಣು ಹಿಂಡಿದ ಗಿರ್ಮಿಟ್ಟು, ಜೊತೆಗೆ ಮಿರ್ಚಿ ಭಜಿ. ಧಾರವಾಡದ ಬೀದಿಯ ತಿಂಡಿಯನ್ನು ಇಷ್ಟು ವರ್ಷ ಆಕೆ ಹಟಕ್ಕೆ ಮಾಡಿರಲಿಲ್ಲ.

"ಪೂಜೆ ದಿನ ಮನೇಲಿ ವೈನಾ ಅಕ್ಕ?" ಎಂದು ನಾನು ಚಿಂತಿಸಿದೆ.

"ದೇವರು ಬೆಳಿಗ್ಗೆ, ಬೀಗರು ಸಂಜೆ. ಬ್ಯಾಕ್‌ಯಾರ್ಡಲ್ಲಿ. ನೀನು ಮೆಣಸಿನಕಾಯಿ ತಗೊಂಡು ಬಾ ಹೋಗು."

ಅನಘಾ ನನ್ನನ್ನು ಮನೆಯ ಹತ್ತಿರದ ಕೊರಿಯನ್ ಅಂಗಡಿಗೆ ಕರೆದೊಯ್ದಳು. ಡುಲುತ್‌ನಲ್ಲಿ ಬೋರ್ಡುಗಳೇ ಕೊರಿಯನ್ ಭಾಷೆಯಲ್ಲಿ. ಅಮೆರಿಕಕ್ಕೆ ಬಂದು ಇನ್ನೊಂದು ದೇಶಕ್ಕೂ ಪುಕ್ಕಟೆ ಹೋದಂತಾಯಿತು. ಉದ್ದ ಉದ್ದ ಹಸಿಮೆಣಸಿನಕಾಯಿಗಳ ಎರಡು ರಾಶಿ, ನೋಡಲು ಅವಳಿ ಜವಳಿ. "ಯಾವುದು ಖಾರ?" ಎಂದೆ.

"ಐ ಥಿಂಕ್ ಒನ್ ಆಫ್ ದೆಮ್, ಮಾಮಾ," ಎಂದಳು ಅನಘಾ.

ಎಚ್ಚರಿಕೆಗೆ ಎರಡರಿಂದಲೂ ಅರ್ಧರ್ಧ ತಂದೆ. ಅವು ಚೀಲದಲ್ಲಿ ಬೆರೆತುಹೋದವು.

ಬೆಳಿಗ್ಗೆ ಪೂಜೆ ಚೆನ್ನಾಗಿ ಆಯಿತು. ಆರತಿ ಆದ ಕೂಡಲೇ ಭಾವ ಜುಬ್ಬಾದ ಜೇಬು ತಡಕಿದರು, ಪ್ಯಾಂಟಿನ ಜೇಬು ತಡಕಿದರು. ಆಮೇಲೆ ನನ್ನ ಮುಖ ನೋಡಿದರು. ಕೀ ಇದ್ದ ನನ್ನ ಜೇಬಿನ ಮೇಲೆ ಕೈಯಿಟ್ಟುಕೊಂಡು ನಾನು ಗೋಡೆಯ ಬಣ್ಣ ಹೊಗಳಿದೆ. ಮಧ್ಯಾಹ್ನದ ಪಂಕ್ತಿಯಲ್ಲಿ ಅವರು ಕೂತರು. ಬಿಸಿಬೇಳೆಬಾತು ಕಲಸಿ ಕಲಸಿ ಪಕ್ಕಕ್ಕೆ ತಳ್ಳಿದರು. "ಹೇಗಿದೆ ಅಂಕಲ್?" ಎಂದು ಯಾರೋ ಕೇಳಿದರು. "ಛಲೋ ಆಗೇದ." ಬಡಿಸುತ್ತಿದ್ದ ಅಕ್ಕ ಸೌಟು ಹಿಡಿದು ಮುಂದಿನ ತಟ್ಟೆಗೆ ಹೋದಳು.

ಸಂಜೆ ಹಿತ್ತಿಲಿನಲ್ಲಿ ಉಳಿದವರು ಮನೆಯವರು, ತೆರೇಜಾ ಮತ್ತು ನಾಲ್ಕಾರು ಸ್ನೇಹಿತರು. ಐಸು ತುಂಬಿದ ಬಾಲ್ದಿಯಲ್ಲಿ ಹಸಿ ವೈನು ಕೂತಿತ್ತು. ನನ್ನ ಸಕ್ಕರೆ ಕಾಯಿಲೆಯ ಮಾತ್ರೆಗೂ ಇದಕ್ಕೂ ಆಗಿಬರುತ್ತದೋ ಎಂದು ಭಾವನನ್ನು ಮೂರು ಸಲ ಕೇಳಿ, ಮೂರನೇ ಸಲ ಬೈಸಿಕೊಂಡು, ಅರ್ಧ ಲೋಟ ಹಿಡಿದು ನಿಂತಿದ್ದೆ. ಅಕ್ಕ ಭಜಿಯ ಮೊದಲ ಒಬ್ಬೆ ತಂದು ಗಂಡನ ಮುಂದಿಟ್ಟಳು. ಇಟ್ಟು, ಬೇರೆ ಎಲ್ಲೋ ನೋಡುತ್ತ ನಿಂತಳು.

ಭಾವ ಒಂದು ಕಚ್ಚಿದರು. ನಾನು ತಂದ ಎರಡು ರಾಶಿಯಲ್ಲಿ ಖಾರದ್ದೇ ಅವರ ಪಾಲಿಗೆ ಬಂದಿತ್ತು. ಮೊದಲು ಕಿವಿ ಕೆಂಪಾಯಿತು, ಆಮೇಲೆ ಹಣೆ. ಕಣ್ಣಲ್ಲಿ ನೀರು. ಲೋಟ ಎತ್ತಿ ಒಂದು ದೊಡ್ಡ ಗುಟುಕು ಕುಡಿದರು. ನಾನು ಮನಸ್ಸಿನಲ್ಲೇ ಆಂಬುಲೆನ್ಸಿನ ನಂಬರು ನೆನಪಿಸಿಕೊಂಡೆ. ಭಾವ ಭಜಿಯನ್ನು ಕಣ್ಣ ಹತ್ತಿರ ಹಿಡಿದು, ಬೆರಳಲ್ಲಿ ಒತ್ತಿ, ತಿರುಗಿಸಿ ನೋಡಿದರು.

"ಶಾರದಾ."

"ಏನು?"

"ಇದೇನು ಭಜಿನೋ, ಒದ್ದಿ ಅರಿವಿನೋ? ಖಾರ ಬರೋಬ್ಬರಿ ಅದ, ಉಪ್ಪು ಬರೋಬ್ಬರಿ ಅದ. ಮ್ಯಾಲಿನ ಹಿಟ್ಟು ನೋಡು, ಹೆಂಗ ಮೆತ್ತಗ ಆಗೇದ. ಎಣ್ಣಿ ಕಾಯೂದರೊಳಗ ಬಿಟ್ಟೀದಿ. ಅವಸರ! ನಿಮ್ಮ ಮೈಸೂರವರಿಗೆ ಎಣ್ಣಿ ಕಾಯಿಸೂದ ಗೊತ್ತಿಲ್ಲ."

ಅನಘಾ "ಅಪ್ಪಾ!" ಎಂದಳು. ತೆರೇಜಾ ಏನಾಯಿತೆಂದು ಎಲ್ಲರ ಮುಖ ನೋಡಿದರು. ಅಕ್ಕ ಗಂಡನ ಕೈಯಲ್ಲಿದ್ದ ಭಜಿಯನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಮ್ಮ ಮೈಸೂರಿನವರಿಗೆ ಗೊತ್ತಿಲ್ವಾ? ನಿಮ್ಮೂರಲ್ಲಿ ಹಳೇ ಎಣ್ಣೇಲಿ ಕರಿದಿದ್ದು ತಿಂದು ತಿಂದು ನಿಮಗೆ ಅಭ್ಯಾಸ ಕೆಟ್ಟಿದೆ. ಕೂತಿರಿ ಅಲ್ಲೇ! ಎದ್ದರೆ ನೋಡಿ!"

ಅವಳ ಹಿಂದೆಯೇ ಓಡಿದೆ, ಅತ್ತುಬಿಟ್ಟಾಳೆಂದು. ಅಳುತ್ತಿರಲಿಲ್ಲ. ಒಲೆಯ ಉರಿಯನ್ನು ತುದಿಯವರೆಗೆ ತಿರುಗಿಸಿ, ಬಾಣಲೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬಾಯಿ ಬೈಯುತ್ತಿತ್ತು, ಮುಖ ನಗುತ್ತಿತ್ತು. "ಒದ್ದೆ ಬಟ್ಟೆಯಂತೆ! ಕೇಳಿದ್ಯಾ ನಾಗು, ಒದ್ದೆ ಬಟ್ಟೆಯಂತೆ!"

"ಕೇಳಿದೆ ಅಕ್ಕ. ಎಣ್ಣೆಯಿಂದ ಹೊಗೆ ಬರ್ತಿದೆ."

"ಬರಲಿ! ಇನ್ನೂ ಕಾಯಲಿ!"

ನನ್ನ ಜೀವನದಲ್ಲಿ ಒಮ್ಮೆ ನನ್ನ ಚಿಂತೆ ಸರಿಯಾಗಿತ್ತು. ಹೊಸ ಮನೆಯ ಚಾವಣಿಯಲ್ಲಿದ್ದ ಹೊಗೆ ಪತ್ತೆಯ ಯಂತ್ರ ಮೊದಲ ಬಾರಿಗೆ ಬಾಯಿ ಬಿಟ್ಟಿತು. ಅದನ್ನು ಕೇಳಿ ಮಹಡಿಯದೂ, ನಡುಮನೆಯದೂ ಕೂಗಿಕೊಂಡವು. ಮಿಗೆಲ್ ಟವೆಲ್ ಹಿಡಿದು ಓಡಿಬಂದು ಚಾವಣಿಗೆ ಗಾಳಿ ಬೀಸಿದ. ಸ್ನೇಹಿತರು ಮಕ್ಕಳನ್ನೆತ್ತಿಕೊಂಡು ಬೀದಿಗೆ ನಡೆದರು. ನಾನು ಒಲೆ ಆರಿಸಿ, ಮತ್ತೊಮ್ಮೆ ಆರಿಸಿ, ಹೊರಗೆ ಬಂದೆ.

ಹಿತ್ತಿಲಿನಲ್ಲಿ ಉಳಿದವರು ಇಬ್ಬರೇ. ತೆರೇಜಾ ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಭಾವ ಕುರ್ಚಿಯಿಂದ ಅಲುಗಿರಲಿಲ್ಲ. ಖಾಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಲೋಟವನ್ನು ಎತ್ತಿ ಹಿಡಿದು, ಆ ಗದ್ದಲವನ್ನೆಲ್ಲ ಮೀರಿಸುವಂತೆ ಅಡುಗೆಮನೆಯ ಕಿಟಕಿಯ ಕಡೆಗೆ ಕೂಗಿದರು:

"ಹಾಂ! ಈಗ ಕಾದದ ನೋಡು ಎಣ್ಣಿ! ಬಿಡು ಭಜಿ!"